ಫಿಗೆರೋವಾನ ಆಕಾಶದ ಕೆಳಗೆ

ಮೆಕ್ಸಿಕೊದಲ್ಲಿ ಒಂದು ಬಗೆಯ ಆಕಾಶಕ್ಕೆ ಒಬ್ಬ ಕ್ಯಾಮೆರಾಮನ್‌ನ ಹೆಸರಿದೆ. ಬೋಳು ಗುಡ್ಡಗಳ ನೆತ್ತಿಯ ಮೇಲೆ ಬಿಳಿ ಮೋಡದ ರಾಶಿ ಕೋಟೆ ಕಟ್ಟಿದಂತೆ ನಿಂತಿದ್ದು, ಹಿಂದಿನ ನೀಲಿ ಕಪ್ಪಿಗೆ ತಿರುಗುವಷ್ಟು ಗಾಢವಾಗಿದ್ದರೆ ಅಲ್ಲಿಯವರು ಅದನ್ನು 'ಫಿಗೆರೋವಾನ ಆಕಾಶ' ಎನ್ನುತ್ತಾರೆ. ಗಾಬ್ರಿಯೆಲ್ ಫಿಗೆರೋವಾ 1936ರಿಂದ 1980ರ ದಶಕದವರೆಗೆ ಇನ್ನೂರಕ್ಕೂ ಹೆಚ್ಚು ಚಿತ್ರಗಳಿಗೆ ಕ್ಯಾಮೆರಾ ಹಿಡಿದವನು. ತಲೆ ಎತ್ತಿ ನೋಡಿದರೆ ಕಾಣುವ ಆಕಾಶಕ್ಕೂ ಒಬ್ಬ ಕಸುಬುದಾರನ ಹೆಸರು ಅಂಟಿಕೊಳ್ಳಬೇಕಾದರೆ ಆ ದೇಶ ತನ್ನ ಸಿನಿಮಾವನ್ನು ಎಷ್ಟು ಆಳವಾಗಿ ಎದೆಗಿಳಿಸಿಕೊಂಡಿರಬೇಕು!

ಆ ಆಕಾಶ ತಾನಾಗಿ ಫಿಲ್ಮಿಗೆ ಇಳಿದು ಬರಲಿಲ್ಲ. ಎತ್ತರದ ಪ್ರಸ್ಥಭೂಮಿಯ ಗಾಳಿಯಲ್ಲಿ ತೆಳುವಾದ ಮಬ್ಬೊಂದು ಸದಾ ತೇಲುತ್ತಿತ್ತು. ಕಪ್ಪು ಬಿಳುಪಿನ ಚಿತ್ರದಲ್ಲಿ ಮೋಡ, ಆಕಾಶ, ದೂರದ ಬೆಟ್ಟ ಎಲ್ಲವೂ ಒಂದೇ ಬೂದುಬಣ್ಣವಾಗಿ ಕಲಸಿಹೋಗುತ್ತಿದ್ದವು. ಫಿಗೆರೋವಾ ಇನ್‌ಫ್ರಾರೆಡ್ ಫಿಲ್ಟರುಗಳನ್ನು ಹಾಕಿ ಆ ಮಬ್ಬನ್ನು ಸೀಳಿದ. ಡಾಕ್ಟರ್ ಆತ್ಲ್ ಎಂದು ಹೆಸರಾಗಿದ್ದ ಚಿತ್ರಕಾರನಿಂದ ಬಾಗಿದ ದಿಗಂತದ ಕಲ್ಪನೆಯನ್ನು ಪಡೆದ. ಒರೋಸ್ಕೊ, ರಿವೇರಾ, ಸಿಕೇರೋಸ್ ಗೋಡೆಗಳ ಮೇಲೆ ಬರೆದ ಭಿತ್ತಿಚಿತ್ರಗಳ ಮುಂದೆ ನಿಂತು ಮನುಷ್ಯನ ಮೈಕಟ್ಟು, ನೆರಳು, ಸಾಲುಗಟ್ಟಿದ ರೈತರ ಟೋಪಿಗಳು ಹೇಗಿರಬೇಕೆಂದು ಕಲಿತ. ಒಂದು ಸಾವಿನ ದೃಶ್ಯಕ್ಕೆ ಒರೋಸ್ಕೊನ ಚಿತ್ರವೊಂದನ್ನೇ ಮಾದರಿಯಾಗಿ ಇಟ್ಟುಕೊಂಡು, ಮುಂದೆ ಅದನ್ನು ಆ ಕಲಾವಿದನೆದುರೇ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡೆನೆಂದು ಫಿಗೆರೋವಾ ನೆನೆದುಕೊಳ್ಳುತ್ತಿದ್ದ.

ಹೀಗೆ ಬೇರೆಬೇರೆ ಕೈಗಳು ಸೇರಿ ಒಂದು ದೇಶಕ್ಕೆ ಮುಖ ಬರೆದ ಕಾಲವನ್ನು ಮೆಕ್ಸಿಕೊದವರು ತಮ್ಮ ಸಿನಿಮಾದ ಸುವರ್ಣಯುಗ ಎಂದು ಕರೆಯುತ್ತಾರೆ. 1930ರ ದಶಕದ ನಡುವಿನಿಂದ ಸುಮಾರು ಇಪ್ಪತ್ತು ವರ್ಷಗಳ ಕಾಲ ಅದು. ಅದನ್ನು ಕಟ್ಟಿದವರಲ್ಲಿ ಅನಾಥ ಹುಡುಗನಿದ್ದ, ಜೈಲಿನಿಂದ ತಪ್ಪಿಸಿಕೊಂಡ ಬಂಡುಕೋರನಿದ್ದ, ಹಾಲಿವುಡ್ ಬಿಟ್ಟು ಬಂದ ತಾರೆಯಿದ್ದಳು. ಡೇರೆ ನಾಟಕದ ವಿದೂಷಕ, ಉಳಿ ಹಿಡಿದು ಬೆಳೆದ ಬಡಗಿ, ಸೋತ ಯುದ್ಧದ ನಂತರ ಮನೆಯಿಲ್ಲದಂತಾದ ಸ್ಪೇನಿನ ನಿರಾಶ್ರಿತ, ಎಲ್ಲರೂ ಇದ್ದರು. ತಮ್ಮ ಕಾಲ ಕೆಳಗೆ ಗಟ್ಟಿ ನೆಲವಿಲ್ಲದಿದ್ದ ಇವರೇ ಲಕ್ಷಾಂತರ ಜನರಿಗೆ 'ಇದು ನಮ್ಮ ನೆಲ' ಎನ್ನಿಸುವ ಚಿತ್ರಗಳನ್ನು ಕೊಟ್ಟರು.

ಚಲಿಸುವ ಚಿತ್ರ ಮೆಕ್ಸಿಕೊಗೆ ಬಂದದ್ದು 1896ರಲ್ಲಿ. ಲೂಮಿಯೇರ್ ಸಹೋದರರ ಕಡೆಯವರು ಆ ವರ್ಷದ ಆಗಸ್ಟ್ 6ರಂದು ಚಪುಲ್ತೆಪೆಕ್ ಕೋಟೆಯಲ್ಲಿ ಅಧ್ಯಕ್ಷ ಪೊರ್ಫಿರಿಯೊ ದಿಯಾಸ್‌ನಿಗೆ ಮೊದಲ ಪ್ರದರ್ಶನ ತೋರಿಸಿದರು. ದಿಯಾಸ್ ಕುದುರೆಯೇರಿ ಸಾಗುವುದನ್ನೂ ಚಿತ್ರೀಕರಿಸಿದರು. ಹದಿನಾಲ್ಕು ವರ್ಷ ಕಳೆದ ಮೇಲೆ ಅವನ ವಿರುದ್ಧ ಕ್ರಾಂತಿ ಎದ್ದಿತು. ಸಾಲ್ವದೋರ್ ತೊಸ್ಕಾನೊನಂಥ ಕ್ಯಾಮೆರಾಮನ್‌ಗಳು ಆ ಕ್ರಾಂತಿಯನ್ನು ರೀಲುಗಳಲ್ಲಿ ಹಿಡಿದಿಟ್ಟರು. ಅವನ ಮಗಳು ಕಾರ್ಮೆನ್ ತೊಸ್ಕಾನೊ ಅವನ್ನೆಲ್ಲ ಜೋಡಿಸಿ 1950ರಲ್ಲಿ 'ಮೆಮೊರಿಯಾಸ್ ದೆ ಉನ್ ಮೆಹಿಕಾನೊ' ಎಂಬ ಚಿತ್ರ ಮಾಡಿದಳು. ಅದನ್ನು ನೋಡಿದರೆ ಚರಿತ್ರೆಯ ಪುಸ್ತಕದಲ್ಲಿ ಹೆಸರಾಗಿ ಮಾತ್ರ ಉಳಿದವರು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಡೆದು ಬರುತ್ತಾರೆ.

ಬಂಡಾಯದ ನಾಯಕ ಪಾಂಚೊ ವಿಯಾ 1914ರ ಜನವರಿಯಲ್ಲಿ ಅಮೆರಿಕದ ಮ್ಯೂಚುಯಲ್ ಫಿಲ್ಮ್ ಕಂಪನಿಯೊಡನೆ ತನ್ನ ಯುದ್ಧಗಳನ್ನು ಚಿತ್ರೀಕರಿಸಲು ಒಪ್ಪಂದವನ್ನೇ ಮಾಡಿಕೊಂಡಿದ್ದ. ಕ್ಯಾಮೆರಾಕ್ಕೆ ಅನುಕೂಲವಾಗಲೆಂದು ಹಗಲಲ್ಲೇ ಯುದ್ಧ ಮಾಡಬೇಕೆಂಬ ಷರತ್ತಿತ್ತು ಎಂಬ ಕಥೆ ಊರೂರಿಗೆ ಹಬ್ಬಿದೆ. ಉಳಿದಿರುವ ಒಪ್ಪಂದದಲ್ಲಿ ಅಂಥ ಮಾತಿಲ್ಲ. ಆದರೂ ಜನ ಆ ಕಥೆಯನ್ನು ಬಿಟ್ಟುಕೊಟ್ಟಿಲ್ಲ.

ಮಾತು ಬಂದದ್ದು 1932ರಲ್ಲಿ, 'ಸಾಂತಾ' ಚಿತ್ರದೊಂದಿಗೆ. ಅದಕ್ಕೂ ಮುನ್ನ ಧ್ವನಿಯ ಪ್ರಯೋಗಗಳು ಕೆಲವು ನಡೆದಿದ್ದವು. ಫಿಲ್ಮಿನ ಅಂಚಿನಲ್ಲೇ ಧ್ವನಿ ಅಚ್ಚಾದ, ಜನ ಮುಗಿಬಿದ್ದು ನೋಡಿದ ಚಿತ್ರ ಇದು. ಹೊಸೆಲಿತೊ ಮತ್ತು ರೊಬೆರ್ತೊ ರೊದ್ರೀಗೆಸ್ ಎಂಬ ಅಣ್ಣತಮ್ಮಂದಿರು ಲಾಸ್ ಏಂಜಲೀಸಿನಲ್ಲಿ ತಾವೇ ತಯಾರಿಸಿದ ಹಗುರವಾದ ಧ್ವನಿಮುದ್ರಣ ಯಂತ್ರವನ್ನು ಹೊತ್ತು ತಂದಿದ್ದರು. ಸಿಪಾಯಿಯೊಬ್ಬನ ಮಾತಿಗೆ ಮರುಳಾಗಿ ಕೆಟ್ಟು, ಮನೆಯವರಿಂದಲೇ ಹೊರದಬ್ಬಿಸಿಕೊಂಡು ವೇಶ್ಯಾಗೃಹ ಸೇರುವ ಹಳ್ಳಿಯ ಹುಡುಗಿ, ಅವಳನ್ನು ಮೌನವಾಗಿ ಪ್ರೀತಿಸುವ ಕುರುಡ ಪಿಯಾನೊ ವಾದಕ, ಇಷ್ಟು ಕಥೆ. ಮೂಲ ಫೆದೆರಿಕೊ ಗಂಬೊವಾನ ಕಾದಂಬರಿ, ಹಾಡು ಅಗುಸ್ತೀನ್ ಲಾರಾನದು. ನಾಯಕಿ ಲುಪಿತಾ ತೊವಾರ್ 2016ರವರೆಗೆ, ನೂರ ಆರು ವರ್ಷ ಬದುಕಿದ್ದಳು. ಕೆಟ್ಟ ಹುಡುಗಿಯ ಒಳ್ಳೆಯ ಮನಸ್ಸು ಎಂಬ ಈ ಎಳೆ ಮುಂದಿನ ಮೂವತ್ತು ವರ್ಷ ಮೆಕ್ಸಿಕೊದ ಪರದೆಯನ್ನು ಬಿಡಲಿಲ್ಲ.

ಅದೇ ಹೊತ್ತಿಗೆ ರಷ್ಯಾದ ನಿರ್ದೇಶಕ ಸೆರ್ಗೈ ಐಸೆನ್‌ಸ್ಟೈನ್ ಮೆಕ್ಸಿಕೊದಲ್ಲಿದ್ದ. 1930ರ ಕೊನೆಗೆ ಬಂದವನು ಒಂದು ವರ್ಷಕ್ಕೂ ಹೆಚ್ಚು ಕಾಲ ಭೂತಾಳೆ ತೋಟಗಳನ್ನು, ಪಿರಮಿಡ್ಡುಗಳನ್ನು, ಕಂಬಳಿ ಹೊದ್ದ ರೈತರನ್ನು ಚಿತ್ರೀಕರಿಸಿದ. ಹಣ ಹಾಕಿದವರ ಜೊತೆ ಜಗಳವಾಗಿ ಚಿತ್ರ ಮುಗಿಯಲಿಲ್ಲ, ರೀಲುಗಳು ಅವನ ಕೈಗೆ ಸಿಗಲೂ ಇಲ್ಲ. ಆದರೆ ಆ ತುಣುಕುಗಳನ್ನು ಅಮೆರಿಕದಲ್ಲಿ ನೋಡಿದ ಒಬ್ಬ ಪರಾರಿ ಯುವಕನ ಬದುಕು ಅಲ್ಲಿಂದ ಬೇರೆ ದಾರಿ ಹಿಡಿಯಿತು. ಅವನ ಹೆಸರು ಎಮಿಲಿಯೊ ಫೆರ್ನಾಂಡೆಸ್.

ಅವನಿಗಿಂತ ಮೊದಲು ಇನ್ನೊಬ್ಬನನ್ನು ನೆನೆಯಬೇಕು. ಫೆರ್ನಾಂದೊ ದೆ ಫುಯೆಂತೆಸ್ 1930ರ ದಶಕದಲ್ಲಿ ಕ್ರಾಂತಿಯ ಬಗ್ಗೆ ಮೂರು ಚಿತ್ರ ಮಾಡಿದ. ಮೂರರಲ್ಲೂ ಜಯಘೋಷವಿಲ್ಲ. 'ಎಲ್ ಕೊಂಪಾದ್ರೆ ಮೆಂದೋಸಾ'ದಲ್ಲಿ ಒಬ್ಬ ಜಮೀನುದಾರ ಎಲ್ಲ ಪಕ್ಷದವರಿಗೂ ಊಟ ಹಾಕಿ, ಎಲ್ಲರ ಚಿತ್ರಗಳನ್ನೂ ಸರದಿಯಂತೆ ಗೋಡೆಗೆ ತೂಗುಹಾಕಿ, ಕೊನೆಗೆ ಗೆಳೆಯನನ್ನೇ ಮಾರುತ್ತಾನೆ. 'ವಾಮೊನೋಸ್ ಕೊನ್ ಪಾಂಚೊ ವಿಯಾ'ಗೆ ಸರ್ಕಾರ ಸೈನಿಕರನ್ನೂ ರೈಲುಗಳನ್ನೂ ಒದಗಿಸಿತ್ತು. ಸಂಭ್ರಮದಿಂದ ವಿಯಾನ ಪಡೆ ಸೇರಿದ ಆರು ಮಂದಿ ಹಳ್ಳಿಗರು ಒಬ್ಬೊಬ್ಬರಾಗಿ ಸಾಯುವ ಕಥೆ ಅದು. ಕೊನೆಗೆ ಉಳಿದವನು ರೈಲು ಹಳಿಯ ಗುಂಟ ಒಂಟಿಯಾಗಿ ಕತ್ತಲೆಗೆ ನಡೆದು ಹೋಗುತ್ತಾನೆ. ಮೆಕ್ಸಿಕೊ ಮಾಡಿದ ಅತ್ಯುತ್ತಮ ಚಿತ್ರ ಇದೇ ಎಂದು ಹೇಳುವ ವಿಮರ್ಶಕರಿದ್ದಾರೆ. ಆ ಮಾತನ್ನು ತಳ್ಳಿಹಾಕುವುದು ಕಷ್ಟ. ಆದರೆ 1936ರ ಪ್ರೇಕ್ಷಕರಿಗೆ ಅದು ಬೇಡವಾಯಿತು, ನಿರ್ಮಾಪಕರು ಕೈಸುಟ್ಟುಕೊಂಡರು.

ಅದೇ ವರ್ಷ ಅದೇ ದೆ ಫುಯೆಂತೆಸ್ 'ಅಯ್ಯಾ ಎನ್ ಎಲ್ ರಾಂಚೊ ಗ್ರಾಂದೆ' ಎಂಬ ಹಾಡುಗಳ ಚಿತ್ರ ಮಾಡಿದ. ಒಳ್ಳೆಯ ಧಣಿ, ನಿಷ್ಠಾವಂತ ಆಳು, ಇಬ್ಬರ ಕಣ್ಣೂ ಬಿದ್ದ ಒಬ್ಬ ಹುಡುಗಿ, ಕೋಳಿ ಅಂಕ, ಕುದುರೆ ಪಂದ್ಯ, ಗಿಟಾರು ಹಿಡಿದು ಎದುರುಬದುರು ಕೂತು ಹಾಡಿನಲ್ಲೇ ಜಗಳವಾಡುವ ಗಂಡಸರು. ಹೊರಗೆ ಅಧ್ಯಕ್ಷ ಲಾಸಾರೊ ಕಾರ್ದೆನಾಸ್ ದೊಡ್ಡ ಜಮೀನುಗಳನ್ನು ಒಡೆದು ಉಳುವವರಿಗೆ ಹಂಚುತ್ತಿದ್ದ. ಪರದೆಯ ಮೇಲೆ ಮಾತ್ರ ಧಣಿ ಧಣಿಯಾಗಿಯೇ, ಆಳು ಆಳಾಗಿಯೇ ಸುಖವಾಗಿದ್ದರು. ಸ್ಪ್ಯಾನಿಷ್ ಮಾತಾಡುವ ಊರುಗಳಲ್ಲೆಲ್ಲ ಚಿತ್ರ ಹೌಸ್‌ಫುಲ್ ಆಯಿತು. ಅಗಲ ಅಂಚಿನ ಟೋಪಿ, ಕಸೂತಿ ಹಾಕಿದ ಅಂಗಿ, ಮರಿಯಾಚಿ ಮೇಳ, ಇದೇ ಮೆಕ್ಸಿಕೊ ಎಂದು ಹೊರಗಿನವರು ನಂಬಿದರು. ಸ್ವಲ್ಪ ಕಾಲದಲ್ಲಿ ಮೆಕ್ಸಿಕೊದವರೂ ನಂಬಿದರು. ಛಾಯಾಗ್ರಾಹಕನಾಗಿ ಫಿಗೆರೋವಾನ ಮೊದಲ ಚಿತ್ರ ಇದೇ. ಹುಟ್ಟಿದ ಸ್ವಲ್ಪದರಲ್ಲೇ ತಾಯಿಯನ್ನು ಕಳೆದುಕೊಂಡು, ಚಿಕ್ಕಮ್ಮಂದಿರ ಆಸರೆಯಲ್ಲಿ ಬೆಳೆದು, ಹಣ ಕರಗಿದ ಮೇಲೆ ಓದು ಬಿಟ್ಟು ಫೋಟೋ ಸ್ಟುಡಿಯೊಗಳಲ್ಲಿ ದುಡಿದ ಹುಡುಗನಿಗೆ 1938ರಲ್ಲಿ ವೆನಿಸ್ ಚಿತ್ರೋತ್ಸವದ ಪ್ರಶಸ್ತಿ ಬಂತು. ಹಾಲಿವುಡ್ಡಿನಲ್ಲಿ ಛಾಯಾಗ್ರಾಹಕ ಗ್ರೆಗ್ ಟೋಲಂಡ್‌ನ ಕೈಕೆಳಗೆ ಕೆಲವು ತಿಂಗಳು ಬೆಳಕಿನ ಪಾಠ ಕಲಿತದ್ದು ಫಲ ಕೊಟ್ಟಿತ್ತು.

ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಸ್ಪೇನಿನ ಚಿತ್ರೋದ್ಯಮ ಅಂತರ್ಯುದ್ಧದಲ್ಲಿ ಮುರಿದುಬಿದ್ದಿತ್ತು. ಅರ್ಜೆಂಟೀನಾ ತಟಸ್ಥವಾಗಿ ಉಳಿದದ್ದಕ್ಕೆ ಅಮೆರಿಕ ಅದಕ್ಕೆ ಕಚ್ಚಾ ಫಿಲ್ಮಿನ ಪೂರೈಕೆಯನ್ನು ಬಿಗಿಹಿಡಿಯಿತು. ಜರ್ಮನ್ ಜಲಾಂತರ್ಗಾಮಿಗಳು ಎಣ್ಣೆ ಹಡಗುಗಳನ್ನು ಮುಳುಗಿಸಿದ ಮೇಲೆ ಮೆಕ್ಸಿಕೊ 1942ರಲ್ಲಿ ಮಿತ್ರರಾಷ್ಟ್ರಗಳ ಪಕ್ಷ ಸೇರಿತು. ಫಿಲ್ಮು, ಯಂತ್ರ, ಸಾಲ, ತರಬೇತಿ ಎಲ್ಲ ಉತ್ತರದಿಂದ ಹರಿದು ಬಂದವು. ಅದೇ ವರ್ಷ ಸಿನಿಮಾಕ್ಕೆಂದೇ ಒಂದು ಬ್ಯಾಂಕು ಹುಟ್ಟಿತು. 1945ರಲ್ಲಿ ಆರ್‌ಕೆಒ ಕಂಪನಿಯ ಪಾಲುದಾರಿಕೆಯಲ್ಲಿ ಚುರುಬುಸ್ಕೊ ಸ್ಟುಡಿಯೊ ಬಾಗಿಲು ತೆರೆಯಿತು. ಸುವರ್ಣಯುಗದ ಚಿನ್ನದಲ್ಲಿ ಯುದ್ಧದ ಲೆಕ್ಕಾಚಾರದ ಪಾಲೂ ಇತ್ತು. ಪ್ರತಿಭೆ ಮೊದಲೇ ಸಿದ್ಧವಾಗಿ ಕಾದು ನಿಂತಿತ್ತು, ಬಾಗಿಲು ಮಾತ್ರ ಆಗ ತೆರೆಯಿತು.

ಎಮಿಲಿಯೊ ಫೆರ್ನಾಂಡೆಸ್‌ನನ್ನು ಎಲ್ಲರೂ 'ಎಲ್ ಇಂಡಿಯೊ' ಎಂದು ಕರೆಯುತ್ತಿದ್ದರು. ಕೊವಾವಿಲಾ ರಾಜ್ಯದ ಗಣಿ ಊರೊಂದರಲ್ಲಿ ಕಿಕಾಪೂ ಬುಡಕಟ್ಟಿನ ತಾಯಿಗೆ ಹುಟ್ಟಿದವನು. ಹುಡುಗನಾಗಿದ್ದಾಗಲೇ ಬಂದೂಕು ಹಿಡಿದ, 1920ರ ದಶಕದ ವಿಫಲ ಬಂಡಾಯದಲ್ಲಿ ಸಿಕ್ಕಿ ಜೈಲು ಸೇರಿದ, ತಪ್ಪಿಸಿಕೊಂಡು ಅಮೆರಿಕಕ್ಕೆ ಓಡಿದ. ಹಾಲಿವುಡ್ಡಿನಲ್ಲಿ ಹೊಟ್ಟೆಪಾಡಿಗೆ ಸಿಕ್ಕ ಕೆಲಸ ಮಾಡಿದ, ಚಿಲ್ಲರೆ ಪಾತ್ರಗಳಲ್ಲಿ ಕಾಣಿಸಿಕೊಂಡ. ಕ್ಷಮಾದಾನ ಸಿಕ್ಕ ಮೇಲೆ ಮರಳಿ ಬಂದು 'ರಾಂಚೊ ಗ್ರಾಂದೆ'ಯಲ್ಲಿ ಕುಣಿದ ನರ್ತಕರಲ್ಲಿ ಅವನೂ ಒಬ್ಬ. 1943ರ ಹೊತ್ತಿಗೆ ಅವನ ಸುತ್ತ ಒಂದು ತಂಡ ಕೂಡಿತು. ಕ್ಯಾಮೆರಾಕ್ಕೆ ಫಿಗೆರೋವಾ, ಚಿತ್ರಕಥೆಗೆ ಮೌರಿಸಿಯೊ ಮಗ್ದಲೇನೊ, ಸಂಕಲನಕ್ಕೆ ಗ್ಲೋರಿಯಾ ಶೋಮನ್. ತೆರೆಯ ಮೇಲೆ ಪೆದ್ರೊ ಆರ್ಮೆಂದಾರಿಸ್ ಮತ್ತು ದೊಲೊರೆಸ್ ದೆಲ್ ರಿಯೊ.

ದೊಲೊರೆಸ್ ಆಗ ಮೂವತ್ತೆಂಟು ದಾಟಿದ್ದವಳು. ದುರಾಂಗೊದ ಶ್ರೀಮಂತರ ಮಗಳು. ಕ್ರಾಂತಿಯಲ್ಲಿ ಆ ಮನೆತನದ ಆಸ್ತಿ ಹೋಗಿತ್ತು. ಮೂಕಿ ಚಿತ್ರಗಳ ಕಾಲದಲ್ಲಿ ಹಾಲಿವುಡ್ಡಿಗೆ ಹೋಗಿ ಅಲ್ಲಿನ ದೊಡ್ಡ ತಾರೆಯಾಗಿ ಬೆಳೆದಿದ್ದಳು. ಅಲ್ಲಿ ಅವಳಿಗೆ ಸಿಗುತ್ತಿದ್ದದ್ದು ದ್ವೀಪದ ರಾಜಕುಮಾರಿ, ಬ್ರೆಜಿಲಿನ ಸುಂದರಿ ಇಂಥ ಪಾತ್ರಗಳು. ಅವಳ ಹುಟ್ಟುಹಬ್ಬಕ್ಕೆ ಉಡುಗೊರೆ ತರಲು ಕೈಯಲ್ಲಿ ಕಾಸಿಲ್ಲದ ಫೆರ್ನಾಂಡೆಸ್ ಹೋಟೆಲಿನ ನ್ಯಾಪ್‌ಕಿನ್‌ಗಳ ಮೇಲೆ ಒಂದು ಕಥೆ ಗೀಚಿ ಕೊಟ್ಟ, ಅದೇ 'ಮಾರಿಯಾ ಕಾಂದೆಲಾರಿಯಾ' ಆಯಿತು ಎಂದು ಹೇಳುತ್ತಾರೆ. ಸೋಚಿಮಿಲ್ಕೊದ ಕಾಲುವೆಗಳಲ್ಲಿ ದೋಣಿ ನಡೆಸಿ ಹೂ ಮಾರುವ ಹುಡುಗಿ. ತಾಯಿ ವೇಶ್ಯೆಯಾಗಿದ್ದಳೆಂದು ಊರೆಲ್ಲ ಅವಳನ್ನು ದೂರ ಇಟ್ಟಿದೆ. ಇರುವುದೊಂದೇ ಆಸ್ತಿ, ಒಂದು ಹಂದಿಮರಿ. ಅದನ್ನು ಸಾಕಿ ಮಾರಿದರೆ ಮದುವೆ. ಅಂಗಡಿಯವನು ಅದನ್ನು ಗುಂಡಿಕ್ಕಿ ಕೊಲ್ಲುತ್ತಾನೆ. ಮಲೇರಿಯಾ ಬಂದು ಅವಳು ಮಲಗಿದಾಗ ಪ್ರಿಯಕರ ಕ್ವಿನೀನ್ ಕದ್ದು ಜೈಲು ಸೇರುತ್ತಾನೆ. ಅವನನ್ನು ಬಿಡಿಸುವ ಹಣಕ್ಕಾಗಿ ಅವಳು ಚಿತ್ರಕಾರನೊಬ್ಬನಿಗೆ ಮುಖ ಬರೆಸಿಕೊಳ್ಳಲು ಕೂರುತ್ತಾಳೆ. ಬೇರೊಬ್ಬಳ ಬೆತ್ತಲೆ ಮೈಗೆ ಅವಳ ಮುಖವಿರುವ ಆ ಚಿತ್ರವನ್ನು ಕಂಡ ಊರವರು ಪಂಜು ಹಿಡಿದು ಬೆನ್ನಟ್ಟಿ ಕಲ್ಲು ಹೊಡೆದು ಕೊಲ್ಲುತ್ತಾರೆ.

ಉನ್ನತ ಕುಲದ ಗೋಧಿ ಮೈಬಣ್ಣದ ತಾರೆ ಬರಿಗಾಲಿನ ಆದಿವಾಸಿ ಹುಡುಗಿಯಾದದ್ದು, ಆದಿವಾಸಿಗಳೇ ಕಲ್ಲೆಸೆಯುವ ಜನಜಂಗುಳಿಯಾದದ್ದು ಇವತ್ತಿನ ಕಣ್ಣಿಗೆ ಚುಚ್ಚುತ್ತದೆ, ಚುಚ್ಚಬೇಕು ಕೂಡ. ಆದರೂ ಹೂ ತುಂಬಿದ ದೋಣಿಯಲ್ಲಿ ಅವಳ ಶವ ಕಾಲುವೆಯ ಮೇಲೆ ತೇಲಿ ಬರುವಾಗ ಎದೆ ಹಿಂಡದ ಪ್ರೇಕ್ಷಕ ವಿರಳ. 1946ರಲ್ಲಿ ಮೊದಲ ಕಾನ್ ಚಿತ್ರೋತ್ಸವ ನಡೆದಾಗ ದೊಡ್ಡ ಬಹುಮಾನ ಪಡೆದ ಚಿತ್ರಗಳ ಸಾಲಿನಲ್ಲಿ ಇದೂ ಇತ್ತು. ಅದೇ ಸಾಲಿನಲ್ಲಿ ಭಾರತದಿಂದ ಹೋದ ಚೇತನ್ ಆನಂದರ 'ನೀಚಾ ನಗರ್' ಕೂಡ ಇತ್ತು. ಛಾಯಾಗ್ರಹಣದ ಪ್ರಶಸ್ತಿಯನ್ನು ಫಿಗೆರೋವಾ ಪಡೆದ.

ಆ ಅಂಗಡಿಯವನ ಪಾತ್ರ ಮಾಡಿದ ಮಿಗೆಲ್ ಇಂಕ್ಲಾನ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ಸುವರ್ಣಯುಗದ ಯಾವ ಮುಖ್ಯ ಚಿತ್ರ ತೆಗೆದರೂ ಈ ಕ್ರೂರ ಮುಖ ಎದುರಾಗುತ್ತದೆ. ಇಲ್ಲಿ ಹಂದಿಮರಿ ಕೊಲ್ಲುವವನು, ಇನ್ನೊಂದರಲ್ಲಿ ಗಾಂಜಾ ಸೇದಿ ಮನೆ ಹಾಳುಮಾಡುವವನು, ಮತ್ತೊಂದರಲ್ಲಿ ಮಕ್ಕಳನ್ನು ಹೊಡೆಯುವ ಕುರುಡ ಭಿಕ್ಷುಕ. 'ಸಲೋನ್ ಮೆಹಿಕೊ' ಚಿತ್ರದಲ್ಲಿ ಮಾತ್ರ ನೈಟ್‌ಕ್ಲಬ್ಬಿನ ಹೆಣ್ಣನ್ನು ಗೌರವದಿಂದ ಪ್ರೀತಿಸುವ ಬಡ ಪೊಲೀಸನಾಗಿ ನಟಿಸಿದ್ದಾನೆ. ಅವನ ಕಣ್ಣಿನಲ್ಲಿ ಅಷ್ಟು ಮೆದುತನ ಎಲ್ಲಿ ಅಡಗಿತ್ತೋ ಎನಿಸುತ್ತದೆ. ತಾರೆಯರ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರುವ ಇಂಥವರೇ ಒಂದು ಚಿತ್ರರಂಗದ ಬೆನ್ನೆಲುಬು.

ದೊಲೊರೆಸ್ ಸಹಿಸುವ ಹೆಣ್ಣಾದರೆ ಮಾರಿಯಾ ಫೆಲಿಕ್ಸ್ ಸಹಿಸದ ಹೆಣ್ಣು. ಸೊನೋರಾದ ಆಲಾಮೋಸ್‌ನಿಂದ ಬಂದವಳು, 1943ರಲ್ಲಿ ದೆ ಫುಯೆಂತೆಸ್‌ನ 'ದೊನ್ಯಾ ಬಾರ್ಬರಾ'ದಲ್ಲಿ ಚಾಟಿ ಹಿಡಿದ ಜಮೀನುದಾರಿಣಿಯಾದಳು. ಅಂದಿನಿಂದ ಸಾಯುವವರೆಗೂ ಅವಳನ್ನು 'ಲಾ ದೊನ್ಯಾ' ಎಂದೇ ಕರೆದರು. ಆ ಕಾದಂಬರಿ ಬರೆದು ಚಿತ್ರಕಥೆಯಲ್ಲೂ ಕೈಜೋಡಿಸಿದ ವೆನೆಜುವೆಲಾದ ರೋಮುಲೊ ಗಯ್ಯೇಗೋಸ್ ಐದು ವರ್ಷಗಳ ನಂತರ ತನ್ನ ದೇಶದ ಅಧ್ಯಕ್ಷನಾದ. 1946ರ 'ಎನಮೊರಾದಾ'ದಲ್ಲಿ ಮಾರಿಯಾ ಚೊಲೂಲಾ ಊರಿನ ಸಾಹುಕಾರನ ಮಗಳು, ಊರನ್ನು ಹಿಡಿದ ಕ್ರಾಂತಿಕಾರಿ ಜನರಲ್‌ನ ಕೆನ್ನೆಗೆ ಬಾರಿಸುವವಳು. ಕೊನೆಯಲ್ಲಿ ಸೈನ್ಯ ಊರು ಬಿಡುವಾಗ ಅವಳ ಕೊರಳಿನ ಮುತ್ತಿನ ಸರ ಹರಿದು ಚೆಲ್ಲಾಪಿಲ್ಲಿಯಾಗುತ್ತದೆ. ಅವಳು ಹೊರಗೆ ಓಡಿ, ಕುದುರೆಯ ಜೀನು ಹಿಡಿದು, ಸಿಪಾಯಿಗಳ ಹೆಂಡಂದಿರ ಸಾಲಿನಲ್ಲಿ ತಾನೂ ಒಬ್ಬಳಾಗಿ ನಡೆಯುತ್ತಾಳೆ. ಹೆಣ್ಣು ಗಂಡಿನ ಕುದುರೆಯ ಪಕ್ಕ ಕಾಲ್ನಡಿಗೆಯಲ್ಲಿ ಹೋಗುವುದೇ ಗೆಲುವೇ ಎಂದು ಕೇಳಬಹುದು. ಆದರೆ ಫಿಗೆರೋವಾನ ಆಕಾಶದ ಕೆಳಗೆ ಮಾರಿಯಾ ತಲೆ ಎತ್ತಿದ ರೀತಿಯಲ್ಲಿ ಸೋತವಳ ನಡಿಗೆಯಿಲ್ಲ. ಹಾಲಿವುಡ್ ಕರೆದರೂ ಅವಳು ಹೋಗಲಿಲ್ಲ.

ನಗರದ ಬಡಬಗ್ಗರಿಗೆ ಮೋಡ, ಬೆಟ್ಟ, ಜನರಲ್‌ಗಳಿಗಿಂತ ಹತ್ತಿರವಾದ ಸಿನಿಮಾ ಬೇರೆ ಇತ್ತು. ಮಾರಿಯೊ ಮೊರೇನೊ ಎಂಬ ಅಂಚೆ ನೌಕರನ ಮಗ ಊರಾಚೆಯ ಡೇರೆ ನಾಟಕಗಳಲ್ಲಿ ಕುಣಿದು, ನಕ್ಕು ನಗಿಸಿ, 'ಕಾಂತಿನ್‌ಫ್ಲಾಸ್' ಆದ. ಸೊಂಟದಿಂದ ಜಾರಿದ ಪ್ಯಾಂಟು, ಭುಜದ ಮೇಲೊಂದು ಚಿಂದಿ, ತುಟಿಯ ಎರಡು ತುದಿಗೆ ಮಾತ್ರ ಅಂಟಿದ ಮೀಸೆ. ಅವನ ಅಸ್ತ್ರ ಮಾತು. ಒಂದು ವಾಕ್ಯ ಶುರುಮಾಡಿ, ನಡುವೆ ಇನ್ನೊಂದಕ್ಕೆ ಹಾರಿ, ಮೂರನೆಯದರಲ್ಲಿ ಸಿಕ್ಕಿಕೊಂಡು, ಏನನ್ನೂ ಹೇಳದೆ ಎದುರಿಗಿದ್ದ ಅಧಿಕಾರಿಯನ್ನು ಸುಸ್ತುಮಾಡುವ ಮಾತು. 1940ರ 'ಆಯಿ ಎಸ್ತಾ ಎಲ್ ದೆತಾಯೆ' ಚಿತ್ರದಲ್ಲಿ ಅವನು ಕೊಂದದ್ದು ಬೊಬ್ಬಿ ಎಂಬ ನಾಯಿಯನ್ನು. ಅದೇ ಅಡ್ಡಹೆಸರಿನ ರೌಡಿಯೊಬ್ಬನ ಕೊಲೆ ಅವನ ತಲೆಗೆ ಬರುತ್ತದೆ. ನ್ಯಾಯಾಲಯದಲ್ಲಿ ಅವನು ಪ್ರಾಮಾಣಿಕವಾಗಿ ಒಪ್ಪಿಕೊಂಡಷ್ಟೂ ಗೋಜಲು ಹೆಚ್ಚಿ, ಕೊನೆಗೆ ನ್ಯಾಯಾಧೀಶನೂ ವಕೀಲರೂ ಅವನಂತೆಯೇ ತೊದಲತೊಡಗುತ್ತಾರೆ. ಕಾನೂನಿನ ಭಾಷೆ ಅರ್ಥವಾಗದೆ ಜೀವನವಿಡೀ ಕಚೇರಿಗಳ ಮುಂದೆ ತಲೆ ತಗ್ಗಿಸಿ ನಿಂತ ಜನ ಆ ದೃಶ್ಯಕ್ಕೆ ಎದ್ದು ನಿಂತು ನಕ್ಕರೆ ಆಶ್ಚರ್ಯವಿಲ್ಲ. ಅವನ ಹೆಸರಿನಿಂದ ಹುಟ್ಟಿದ 'ಕಾಂತಿನ್‌ಫ್ಲೆಯಾರ್' ಎಂಬ ಕ್ರಿಯಾಪದ 1992ರಲ್ಲಿ ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು ಸೇರಿತು.

ಗಡಿಯೂರು ಸಿಯುದಾದ್ ಹುವಾರೆಸ್‌ನಲ್ಲಿ ಬೆಳೆದ ಹಾಸ್ಯನಟ ತಿನ್ ತಾನ್ ಇಂಗ್ಲಿಷ್ ಬೆರೆತ ಸ್ಪ್ಯಾನಿಷ್ ಆಡುತ್ತ, ಮೊಣಕಾಲು ಮುಟ್ಟುವ ಕೋಟು ತೊಟ್ಟು ಬಂದ. ಭಾಷೆ ಕೆಡಿಸುತ್ತಾನೆಂದು ಪಂಡಿತರು ಸಿಡುಕಿದರು. 'ಜಂಗಲ್ ಬುಕ್' ಕಾರ್ಟೂನ್ ಚಿತ್ರದ ಸ್ಪ್ಯಾನಿಷ್ ರೂಪದಲ್ಲಿ ಕರಡಿ ಬಾಲೂಗೆ ದನಿ ಕೊಟ್ಟವನು ಇವನೇ. ಹಾಗಾಗಿ ತಲೆಮಾರುಗಳ ಲ್ಯಾಟಿನ್ ಅಮೆರಿಕನ್ ಮಕ್ಕಳಿಗೆ ಭಾರತದ ಕಾಡಿನ ಕರಡಿ ತಿನ್ ತಾನ್‌ನ ದನಿಯಲ್ಲೇ ಹಾಡುತ್ತದೆ.

ಎಲ್ಲರಿಗಿಂತ ಹೆಚ್ಚು ಪ್ರೀತಿ ಪಡೆದವನು ಪೆದ್ರೊ ಇನ್ಫಾಂತೆ. ಮಸತ್ಲಾನ್‌ನಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಬಡಗಿ ಕೆಲಸ ಕಲಿತವನು. ತನ್ನ ಮೊದಲ ಗಿಟಾರನ್ನೂ ತಾನೇ ಮಾಡಿಕೊಂಡ ಎನ್ನುತ್ತಾರೆ. ಇಸ್ಮಾಯೆಲ್ ರೊದ್ರೀಗೆಸ್, ಧ್ವನಿಯಂತ್ರ ತಂದ ಆ ಸಹೋದರರ ತಮ್ಮ, 1948ರಲ್ಲಿ ಇವನನ್ನು ಹಾಕಿಕೊಂಡು 'ನೊಸೋತ್ರೋಸ್ ಲೋಸ್ ಪೋಬ್ರೆಸ್' ಮಾಡಿದ. ಹೆಸರಿನ ಅರ್ಥ 'ನಾವು ಬಡವರು'. ನಡೆಯುವುದೆಲ್ಲ ಒಂದು ವಠಾರದಲ್ಲಿ. ನಡುವೆ ಅಂಗಳ, ಸುತ್ತ ಒಂದೊಂದೇ ಕೋಣೆಯ ಸಂಸಾರಗಳು, ಒಬ್ಬರ ಜಗಳ ಎಲ್ಲರಿಗೂ ಕೇಳುವ ತೆಳು ಗೋಡೆಗಳು. ಬಡಗಿ ಪೆಪೆ ಎಲ್ ತೊರೊ ಮಾಡದ ತಪ್ಪಿಗೆ ಜೈಲಿಗೆ ಹೋಗುತ್ತಾನೆ, ಮೂಲೆಯಲ್ಲಿ ಲಕ್ವ ಹೊಡೆದ ತಾಯಿ ಕಣ್ಣಲ್ಲೇ ಎಲ್ಲ ನೋಡುತ್ತಾಳೆ. ಕಥೆಯ ಹೆಣಿಗೆ ಒರಟು, ಕಣ್ಣೀರಿಗೆ ಲೆಕ್ಕವಿಲ್ಲ. ಆದರೆ ಬೀದಿಯ ಮಾತನ್ನು, ಸಂತೆಯ ಕೂಗನ್ನು, ಮುರಿದ ಕುರ್ಚಿಯ ಮೇಲೆ ಕೂತು ಹಾಡುವ ಸುಖವನ್ನು ಈ ಚಿತ್ರ ಹಿಡಿದಷ್ಟು ಬಿಸಿಯಾಗಿ ಇನ್ನೊಂದು ಹಿಡಿಯಲಿಲ್ಲ. ಗಾಂಧಿ ಕ್ಲಾಸಿನಲ್ಲಿ ಕೂತವನಿಗೆ ತನ್ನ ವಠಾರವೇ ಪರದೆಯ ಮೇಲೆ ಎದ್ದು ಬಂದಿತ್ತು.

1957ರ ಏಪ್ರಿಲ್ 15ರಂದು ಮೆರಿದಾದಿಂದ ಹಾರಿದ ಸರಕು ವಿಮಾನ ಕೆಲವೇ ನಿಮಿಷಗಳಲ್ಲಿ ನೆಲಕ್ಕಪ್ಪಳಿಸಿತು. ಒಳಗೆ ಇನ್ಫಾಂತೆ ಇದ್ದ. ಮೂವತ್ತೊಂಬತ್ತು ವಯಸ್ಸು. ರಾಜಧಾನಿಯ ಬೀದಿಗಳಲ್ಲಿ ಜನಸಾಗರ ಸೇರಿತು. ಆ ಬೇಸಿಗೆಯಲ್ಲಿ ಬರ್ಲಿನ್ ಚಿತ್ರೋತ್ಸವ 'ತಿಸೋಕ್' ಚಿತ್ರಕ್ಕಾಗಿ ಅವನಿಗೆ ಶ್ರೇಷ್ಠ ನಟ ಪ್ರಶಸ್ತಿ ಕೊಟ್ಟಿತು. ಇಂದಿಗೂ ಪ್ರತಿವರ್ಷ ಆ ದಿನ ಪಾಂತೆಯೋನ್ ಹಾರ್ದಿನ್ ಸ್ಮಶಾನದಲ್ಲಿ ಅವನ ಸಮಾಧಿಯ ಸುತ್ತ ಜನ ಸೇರಿ ಮರಿಯಾಚಿ ಮೇಳದೊಂದಿಗೆ ಅವನ ಹಾಡುಗಳನ್ನು ಹಾಡುತ್ತಾರೆ.

'ನಾವು ಬಡವರು' ಬಂದ ಎರಡು ವರ್ಷಕ್ಕೆ ಬಡತನದ ಇನ್ನೊಂದು ಚಿತ್ರ ಬಂತು. ಅದರಲ್ಲಿ ಹಾಡುವ ಬಡಗಿ ಇರಲಿಲ್ಲ. ಸ್ಪೇನಿನ ನಿರ್ದೇಶಕ ಲೂಯಿಸ್ ಬುನ್ಯುಯೆಲ್ 1946ರಲ್ಲಿ ಮೆಕ್ಸಿಕೊಗೆ ಬಂದಿದ್ದ. ಸ್ಪೇನಿನಲ್ಲಿ ಫ್ರಾಂಕೊ ಗೆದ್ದ ಮೇಲೆ ಸಾವಿರಾರು ನಿರಾಶ್ರಿತರಿಗೆ ಆಶ್ರಯ ಕೊಟ್ಟಿದ್ದ ದೇಶ ಅದು. ಗಾಯಕ ಹೋರ್ಹೆ ನೆಗ್ರೆತೆಯನ್ನು ಹಾಕಿ ಅಲ್ಲಿ ಮಾಡಿದ ಮೊದಲ ಚಿತ್ರ ಸೋತಿತು, ಒಂದು ಹಾಸ್ಯಚಿತ್ರ ಗೆದ್ದಿತು. ಆಮೇಲೆ ಅವನು ತಿಂಗಳುಗಟ್ಟಲೆ ಹಳೆ ಬಟ್ಟೆ ತೊಟ್ಟು ರಾಜಧಾನಿಯ ಕೊಳೆಗೇರಿಗಳಲ್ಲಿ ಅಲೆದ, ನೋಡಿದ, ಕೇಳಿದ. ಅದರ ಫಲ 1950ರ 'ಲೋಸ್ ಓಲ್ವಿದಾದೋಸ್', ಅಂದರೆ ಮರೆತುಹೋದವರು. ಹಸಿದ ಮಕ್ಕಳು ಕುರುಡನನ್ನು ಕಲ್ಲಿನಿಂದ ಹೊಡೆಯುತ್ತಾರೆ. ಕುರುಡನೂ ಒಳ್ಳೆಯವನಲ್ಲ. ತಾಯಿ ಮಗನಿಗೆ ಊಟ ಹಾಕಲು ನಿರಾಕರಿಸುತ್ತಾಳೆ. ಕೊನೆಗೆ ಆ ಹುಡುಗನ ಹೆಣ ಕಸದ ಗುಡ್ಡೆಯ ಮೇಲೆ ಉರುಳುತ್ತದೆ. ಮೆಕ್ಸಿಕೊದ ತಾಯಿ ಹೀಗೆ ಮಾಡುವುದಿಲ್ಲವೆಂದು ತಂಡದವಳೊಬ್ಬಳು ಕೆಲಸವನ್ನೇ ಬಿಟ್ಟುಹೋದಳೆಂದು ಬುನ್ಯುಯೆಲ್ ಬರೆದುಕೊಂಡಿದ್ದಾನೆ. ಚಿತ್ರಮಂದಿರದಿಂದ ಕೆಲವೇ ದಿನಗಳಲ್ಲಿ ಚಿತ್ರವನ್ನು ತೆಗೆದರು. ದೇಶದ ಮಾನ ಕಳೆದವನನ್ನು ಹೊರಗಟ್ಟಿ ಎಂಬ ಕೂಗೆದ್ದಿತು.

ಮರುವರ್ಷ ಕಾನ್‌ನಲ್ಲಿ ಈ ಚಿತ್ರದ ಪರವಾಗಿ ಲೇಖನ ಬರೆದು, ಅದರ ಪ್ರತಿಗಳನ್ನು ತಾನೇ ನಿಂತು ಹಂಚಿದವನು ಕವಿ ಒಕ್ತಾವಿಯೊ ಪಾಸ್. 1962ರಿಂದ 1968ರವರೆಗೆ ದೆಹಲಿಯಲ್ಲಿ ಮೆಕ್ಸಿಕೊದ ರಾಯಭಾರಿಯಾಗಿದ್ದು, ತನ್ನ ಸರ್ಕಾರ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿದಾಗ ಆ ಹುದ್ದೆ ತೊರೆದ ಅದೇ ಪಾಸ್. ಕಾನ್‌ನಲ್ಲಿ ಬುನ್ಯುಯೆಲ್‌ಗೆ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಬಂತು, ಆಮೇಲೆ ಮೆಕ್ಸಿಕೊವೂ ಚಿತ್ರವನ್ನು ಒಪ್ಪಿಕೊಂಡಿತು. 2003ರಲ್ಲಿ ಅದು ಯುನೆಸ್ಕೊದ ವಿಶ್ವಸ್ಮೃತಿ ಪಟ್ಟಿ ಸೇರಿತು.

'ಲೋಸ್ ಓಲ್ವಿದಾದೋಸ್'ಗೆ ಕ್ಯಾಮೆರಾ ಹಿಡಿದವನು ಬೇರಾರೂ ಅಲ್ಲ, ಫಿಗೆರೋವಾನೇ. ಕೆಲವು ವರ್ಷಗಳ ನಂತರ 'ನಸರೀನ್' ಚಿತ್ರೀಕರಣದಲ್ಲಿ ನಡೆದ ಪ್ರಸಂಗವನ್ನು ಇಬ್ಬರ ಅಭಿಮಾನಿಗಳೂ ಹೇಳುತ್ತಾರೆ. ಪೊಪೊಕತೇಪೆತ್ಲ್ ಜ್ವಾಲಾಮುಖಿ, ಅದರ ಮೇಲೆ ಬಿಳಿ ಮೋಡ, ಎಲ್ಲ ಹೊಂದಿಸಿ ಫಿಗೆರೋವಾ ಸುಂದರವಾದ ಚೌಕಟ್ಟು ಸಿದ್ಧಮಾಡಿದ್ದ. ಬುನ್ಯುಯೆಲ್ ಬಂದು ನೋಡಿ ಕ್ಯಾಮೆರಾವನ್ನು ಬೆಟ್ಟಕ್ಕೆ ಬೆನ್ನು ಹಾಕಿಸಿ, ಯಾವ ವಿಶೇಷವೂ ಇಲ್ಲದ ಬಯಲಿನತ್ತ ತಿರುಗಿಸಿದ. ಚೆಲುವಿನ ಮೇಲೆ ಸತ್ಯದ ವಿಜಯ ಎಂದು ಈ ಕಥೆಯನ್ನು ಓದುವುದುಂಟು. ಅದು ಫಿಗೆರೋವಾನಿಗೆ ಮಾಡುವ ಅನ್ಯಾಯ. ಆಕಾಶವನ್ನು ಕಟ್ಟಲು ಬಲ್ಲ ಅದೇ ಕೈ ಕೊಳೆಗೇರಿಯ ಒಣ ಬೆಳಕನ್ನೂ ಅಷ್ಟೇ ನಿಷ್ಠೆಯಿಂದ ಹಿಡಿಯಿತು.

ಈ ಚಿತ್ರಗಳು ಎಲ್ಲೆಲ್ಲಿಗೆ ಹೋದವು ಎಂಬುದಕ್ಕೆ ಯುಗೊಸ್ಲಾವಿಯಾದ ಉದಾಹರಣೆ ಸಾಕು. 1948ರಲ್ಲಿ ಟಿಟೊ ಸ್ಟಾಲಿನ್‌ನೊಡನೆ ಮುರಿದುಕೊಂಡ ಮೇಲೆ ಅಲ್ಲಿಗೆ ಸೋವಿಯತ್ ಚಿತ್ರಗಳು ಬರುವುದು ನಿಂತಿತು. ಖಾಲಿಯಾದ ಪರದೆಗೆ ಮೆಕ್ಸಿಕೊದ ಚಿತ್ರಗಳು ಬಂದವು. ಕ್ರಾಂತಿ ಅವರಿಗೂ ಗೊತ್ತಿತ್ತು, ಬಂದೂಕು ಹಿಡಿದ ರೈತರೂ ಗೊತ್ತಿದ್ದರು. ಫೆರ್ನಾಂಡೆಸ್‌ನ 'ಉನ್ ದಿಯಾ ದೆ ವಿದಾ' ತವರಿನಲ್ಲಿ ಅಷ್ಟೇನೂ ಹೆಸರು ಮಾಡಿರಲಿಲ್ಲ, ಅಲ್ಲಿ ಜನ ಬಿಕ್ಕಿ ಬಿಕ್ಕಿ ಅತ್ತರು. ಮಗನಿಗೆ ಮರಣದಂಡನೆ ಆಗಿದೆಯೆಂದು ತಿಳಿಯದ ತಾಯಿಗೆ ಹುಟ್ಟುಹಬ್ಬದ ಹಾಡು ಹಾಡುವ ದೃಶ್ಯ ಮನೆಮನೆಗೆ ಹೋಯಿತು. ಬಾಲ್ಕನ್ ಗಾಯಕರು ದೊಡ್ಡ ಟೋಪಿ ತೊಟ್ಟು ಸರ್ಬಿಯನ್ ಭಾಷೆಯಲ್ಲಿ ಮೆಕ್ಸಿಕೊದ ಹಾಡು ಹಾಡಿ ಧ್ವನಿಮುದ್ರಿಕೆಗಳನ್ನು ತಂದರು.

ತವರಿನಲ್ಲಿ ಹೊತ್ತು ಇಳಿಯುತ್ತಿತ್ತು. ವರ್ಷಕ್ಕೆ ನೂರಕ್ಕೂ ಹೆಚ್ಚು ಚಿತ್ರ ಬರುತ್ತಿದ್ದ ಹೊತ್ತಿಗೇ ಒಳಗೆ ಹುಳು ಹಿಡಿದಿತ್ತು. ಪುಯೆಬ್ಲಾದಲ್ಲಿ ನೆಲೆಸಿದ್ದ ಅಮೆರಿಕನ್ ಸಾಹುಕಾರ ವಿಲಿಯಂ ಜೆಂಕಿನ್ಸ್ ಮತ್ತವನ ಪಾಲುದಾರರ ಹಿಡಿತಕ್ಕೆ ದೇಶದ ಬಹುಪಾಲು ಚಿತ್ರಮಂದಿರಗಳು ಸೇರಿದ್ದವು. ಯಾವ ಚಿತ್ರ ಎಷ್ಟು ದಿನ ಓಡಬೇಕೆಂದು ಅವರೇ ಹೇಳಬೇಕು. ರಾಜಧಾನಿಯಲ್ಲಿ ಟಿಕೆಟ್ ಬೆಲೆಯನ್ನು ನಾಲ್ಕು ಪೆಸೊಗೆ ಕಟ್ಟಿಹಾಕಿದ್ದರಿಂದ ನಿರ್ಮಾಪಕರು ಅಗ್ಗದ ಚಿತ್ರಗಳಿಗೆ ಇಳಿದರು. 1950ರಲ್ಲಿ ಟೆಲಿವಿಷನ್ ಬಂತು. 1960ರಲ್ಲಿ ಸರ್ಕಾರ ಚಿತ್ರಮಂದಿರಗಳನ್ನು ಕೊಂಡುಕೊಂಡಿತು. ಅದೇ ವರ್ಷ ನಿರ್ದೇಶಕ ಹುಲಿಯೊ ಬ್ರಾಚೊ ಅಧಿಕಾರದ ಕೊಳಕನ್ನು ತೋರಿಸುವ 'ಲಾ ಸೊಂಬ್ರಾ ದೆಲ್ ಕೌದಿಯೊ' ಮುಗಿಸಿದ. ಅದನ್ನು ಪ್ರೇಕ್ಷಕರು ನೋಡಲು ಸಾಧ್ಯವಾದದ್ದು 1990ರಲ್ಲಿ.

ಉಳಿದ ಚಿತ್ರಗಳಿಗೂ ಗ್ರಹಚಾರ ಕಾದಿತ್ತು. 1982ರ ಮಾರ್ಚ್ 24ರಂದು ರಾಷ್ಟ್ರೀಯ ಚಿತ್ರಭಂಡಾರವಾದ ಸಿನೆತೇಕಾಕ್ಕೆ ಬೆಂಕಿ ಬಿತ್ತು. ಹಳೆಯ ನೈಟ್ರೇಟ್ ಫಿಲ್ಮು ಹತ್ತಿಕೊಂಡರೆ ಆರಿಸಲಾಗದು. ಸಾವಿರಾರು ಚಿತ್ರಗಳ ಪ್ರತಿಗಳು, ಚಿತ್ರಕಥೆಗಳು, ಪುಸ್ತಕಗಳು ಒಂದೇ ಸಂಜೆ ಸುಟ್ಟುಹೋದವು. ಜೀವಗಳೂ ಹೋದವು.

ಯುದ್ಧಕಾಲದಲ್ಲಿ ತೆರೆದಿದ್ದ ಚಿತ್ರರಂಗದ ಬಾಗಿಲನ್ನು ಹೊಸಬರಿಗೆ ಮುಚ್ಚಿದವರಲ್ಲಿ ಕಾರ್ಮಿಕ ಸಂಘಗಳೂ ಇದ್ದವು. 1945ರಲ್ಲಿ ಕಾಂತಿನ್‌ಫ್ಲಾಸ್, ನೆಗ್ರೆತೆ, ಫಿಗೆರೋವಾ ಮುಂದೆ ನಿಂತು ಕಟ್ಟಿದ ಸಂಘ ಕಲಾವಿದರಿಗೆ ಮರ್ಯಾದೆ ತಂದಿತು, ಸಂಬಳ ತಂದಿತು. ಒಳಗಿದ್ದವರು ಒಳಗೇ ಉಳಿದರು. ಹೊಸ ನಿರ್ದೇಶಕರಿಗೆ ಪ್ರವೇಶ ಸಿಗುವುದು ದುಸ್ತರವಾಯಿತು, ಹೆಂಗಸಿಗಂತೂ ಇನ್ನೂ.

ಮತಿಲ್ದೆ ಲಾಂದೆತಾ 1930ರ ದಶಕದಿಂದ ಕಂಟಿನ್ಯೂಟಿ ನೋಡಿಕೊಳ್ಳುತ್ತಿದ್ದವಳು. ಯಾವ ಶಾಟಿನಲ್ಲಿ ಯಾರ ಕೈಯಲ್ಲಿ ಏನಿತ್ತು, ಸಿಗರೇಟು ಎಷ್ಟು ಉರಿದಿತ್ತು ಎಂದು ಪ್ರತಿ ದೃಶ್ಯದ ಪಕ್ಕ ನಿಂತು ಬರೆದುಕೊಳ್ಳುವ ಕೆಲಸ. ದೊಡ್ಡ ನಿರ್ದೇಶಕರೆಲ್ಲರ ಕಸುಬನ್ನೂ ಹತ್ತಿರದಿಂದ ನೋಡಿದ್ದಳು. ಸಹಾಯಕ ನಿರ್ದೇಶಕಿಯಾಗಲು ಅರ್ಜಿ ಹಾಕಿದಾಗ ಹೆಂಗಸಿನ ಮಾತನ್ನು ಗಂಡಸರು ಕೇಳುವರೇ ಎಂಬ ಪ್ರಶ್ನೆ ಬಂತು. ಒಂದು ದಿನ ಪ್ಯಾಂಟು, ಟೋಪಿ, ಅಂಟಿಸಿದ ಮೀಸೆಯೊಂದಿಗೆ ಸೆಟ್ಟಿಗೆ ಬಂದು ಗಂಡಸಿನ ದನಿಯಲ್ಲಿ ಆಜ್ಞೆ ಕೊಟ್ಟಳೆಂದು ಅವಳ ಕಾಲದವರು ನೆನೆಯುತ್ತಾರೆ. 1945ರಲ್ಲಿ ಆ ಹುದ್ದೆ ಸಿಕ್ಕಿತು. ತನ್ನದನ್ನೆಲ್ಲ ಪಣಕ್ಕಿಟ್ಟು 1948ರಲ್ಲಿ 'ಲೋಲಾ ಕಸನೋವಾ' ನಿರ್ದೇಶಿಸಿದಳು, ಮರುವರ್ಷ 'ಲಾ ನೆಗ್ರಾ ಅಂಗುಸ್ತಿಯಾಸ್'. ಕ್ರಾಂತಿಯ ನಾಯಕ ಸಪಾತಾನ ಪಡೆಯಲ್ಲಿ ಕರ್ನಲ್ ಆಗುವ ಕಪ್ಪು ಹೆಣ್ಣಿನ ಕಥೆ ಅದು. ಮೂಲ ಕಾದಂಬರಿಯಲ್ಲಿ ಅವಳು ಒಬ್ಬ ಮೇಷ್ಟರಿಗೆ ಸೋತು ಮೂಲೆ ಸೇರುತ್ತಾಳೆ. ಲಾಂದೆತಾ ಆ ಕೊನೆಯನ್ನು ಕಿತ್ತುಹಾಕಿ ಅಂಗುಸ್ತಿಯಾಸಳನ್ನು ಮತ್ತೆ ಕುದುರೆ ಹತ್ತಿಸಿ ಯುದ್ಧಕ್ಕೆ ಕಳಿಸಿದಳು. 'ಎನಮೊರಾದಾ'ದಲ್ಲಿ ಕುದುರೆಯ ಪಕ್ಕ ನಡೆದ ಹೆಣ್ಣು ಇಲ್ಲಿ ಕುದುರೆಯ ಮೇಲಿದ್ದಾಳೆ.

1951ರ ಮೂರನೆಯ ಚಿತ್ರದ ನಂತರ ಅವಳಿಗೆ ಕ್ಯಾಮೆರಾ ಸಿಗಲಿಲ್ಲ. ಬಾಲಾಪರಾಧಿಗಳ ನ್ಯಾಯಾಲಯದ ಬಗ್ಗೆ ಬರೆದ ಕಥೆಯನ್ನು ಬೇರೊಬ್ಬ ನಿರ್ದೇಶಿಸಿದ. ಕಥೆಗಾಗಿ ಅವಳಿಗೆ ಮೆಕ್ಸಿಕೊದ ಸಿನಿಮಾ ಪ್ರಶಸ್ತಿಯಾದ ಏರಿಯಲ್ ಬಂತು, ನಿರ್ದೇಶನ ಬರಲಿಲ್ಲ. ಅವಳ ಚಿತ್ರಗಳನ್ನು ಹೊಸ ತಲೆಮಾರಿನ ಹೆಣ್ಣುಮಕ್ಕಳು ಹುಡುಕಿ ಮತ್ತೆ ತೋರಿಸಿದ್ದು 1970ರ ದಶಕದಲ್ಲಿ. ಹತ್ತೊಂಬತ್ತನೇ ಶತಮಾನದ ಒಬ್ಬ ಕವಿಯ ಪ್ರೇಮ ಮತ್ತು ಸಾವಿನ ಬಗ್ಗೆ 'ನೊಕ್ತುರ್ನೊ ಆ ರೊಸಾರಿಯೊ' ಎಂಬ ತನ್ನ ನಾಲ್ಕನೆಯ ಕಥಾಚಿತ್ರವನ್ನು ಮಾಡಲು ಮತಿಲ್ದೆ ಲಾಂದೆತಾ ಮತ್ತೆ ಸೆಟ್ಟಿಗೆ ಕಾಲಿಟ್ಟಾಗ ನಲವತ್ತು ವರ್ಷ ಕಳೆದಿತ್ತು. ಅವಳಿಗೆ ಆಗ ಎಂಬತ್ತರ ಆಸುಪಾಸು. ಈ ಸಲ ಆಜ್ಞೆ ಕೊಡಲು ಮೀಸೆ ಬೇಕಾಗಲಿಲ್ಲ.